ಊರಿಗೆ ಲಕ್ವ ಹೊಡೆದರೆ ಯಾವ ಪಾರ್ಶ್ವಕ್ಕೆ?

ಭಾನುವಾರ ಬೆಳಗ್ಗೆ ಗಾಂಧಿಬಜಾರಿನ ಹೋಟೆಲಿನಲ್ಲಿ ಕೂತರೆ, ಮೊದಲ ಬೈಟು ಕಾಫಿ ಮುಗಿಯುವ ತನಕ ಯಾರೂ ಜಗಳ ತೆಗೆಯಬಾರದು ಅನ್ನೋದು ನಮ್ಮ ಐವರ ಒಪ್ಪಂದ. ಮೊನ್ನೆ ಗುಂಡ ಅದನ್ನು ಮುರಿದ.

ಅವನಿಗೊಂದು ಅನುವಾದದ ಕೆಲಸ ಸಿಕ್ಕಿತ್ತು. 2021ರ ಏಪ್ರಿಲ್‌ನಲ್ಲಿ ನಮ್ಮ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳ ಕೇಳಿ ಎರಡು ವಾರ ಬಸ್ಸು ನಿಲ್ಲಿಸಿದ್ದರಲ್ಲ, ಅದರ ಬಗ್ಗೆ ಇಂಗ್ಲಿಷ್ ಲೇಖನ. ಮುಷ್ಕರ ನಗರವನ್ನು ಪ್ಯಾರಲೈಸ್ ಮಾಡಿತು ಅಂತ ಅದರಲ್ಲಿದೆ. ಫೋನಿನಲ್ಲಿ ಹಾಕಿ ನೋಡಿದ್ದಾನೆ, ಬಂದದ್ದು ಇದು: "ಮುಷ್ಕರವು ನಗರವನ್ನು ಪಾರ್ಶ್ವವಾಯುವಿಗೆ ಗುರಿಪಡಿಸಿತು."

"ಯಾವ ಪಾರ್ಶ್ವ?" ಅಂದರು ಮೇಷ್ಟ್ರು, ಲೋಟ ಕೆಳಗಿಡದೆ. "ಮಲ್ಲೇಶ್ವರದ ಕಡೆಯದೋ, ಜಯನಗರದ ಕಡೆಯದೋ? ಪಾರ್ಶ್ವ ಅಂದ್ರೆ ಪಕ್ಕ ಕಣಯ್ಯ. ಮಿದುಳಿನ ಎಡಕ್ಕೆ ಏಟು ಬಿದ್ರೆ ಬಲಗೈ ಬೀಳುತ್ತೆ. ನಿನ್ನ ಲೆಕ್ಕದಲ್ಲಿ ಬನಶಂಕರಿ ಬಸ್ಸು ಮಾತ್ರ ನಿಲ್ಬೇಕಿತ್ತು, ಹೆಬ್ಬಾಳದ್ದು ಓಡ್ತಾ ಇರ್ಬೇಕಿತ್ತು."

"ಲಕ್ವ ಹೊಡೀತು ಅಂತ ಬರೀಲೇ, ಮುಗೀತು" ಅಂದ ಹುಬ್ಬಳ್ಳಿಯ ಪಾಟೀಲ. "ನಮ್ಮ ಕಡೆ ಸಣ್ಣ ಹುಡುಗ್ರಿಗೂ ತಿಳಿತೈತಿ."

"ಅದು ಅರಬ್ಬಿಯಿಂದ ಬಂದ ಮಾತು. ಅಲ್ಲಿ ಲಕ್ವ ಅಂದ್ರೆ ಮುಖ ಸೊಟ್ಟಗಾಗೋ ಕಾಯಿಲೆ."

"ಬೆಂಗಳೂರಿನ ಮುಖ ನೆಟ್ಟಗ ಯಾವಾಗ ಇತ್ರೀ ಸರ?"

ಮಂಗಳೂರಿನ ಭಟ್ಟರು ಮಾತ್ರ ನಗಲಿಲ್ಲ. "ಈ ವಾಯು ಅನ್ನುವ ಹೆಸರಿಂದಲೇ ನಮ್ಮ ದೊಡ್ಡಪ್ಪ ಕೆಟ್ಟದ್ದು ಮಾರಾಯ್ರೆ. ಒಂದು ಬೆಳಗ್ಗೆ ಬಾಯಿ ಒಂದು ಬದಿಗೆ ವಾಲಿತು, ಕೈ ಎತ್ತಲಿಕ್ಕೆ ಆಗ್ಲಿಲ್ಲ, ಮಾತು ತೊದಲು. ಯಾರೋ ವಾಯು ಅಂದ್ರು. ದೊಡ್ಡಮ್ಮ ಗ್ಯಾಸು ಅಂತ ತಿಳಿದು ಓಮದ ಕಷಾಯಕ್ಕೆ ನೀರಿಟ್ರು. ರಕ್ತ ಹೆಪ್ಪುಗಟ್ಟಿ ಆದದ್ದಾದ್ರೆ ಅದನ್ನು ಕರಗಿಸುವ ಇಂಜೆಕ್ಷನ್ನು ಶುರುವಾದ ನಾಲ್ಕೂವರೆ ಗಂಟೆಯೊಳಗೆ ಆಗ್ಬೇಕಂತೆ. ನಾವು ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನ."

"ಈಗ ಹೇಗಿದಾರೆ?"

"ಎಡಗೈಯಲ್ಲಿ ಇಸ್ಪೀಟು ಆಡ್ತಾರೆ. ಮೋಸ ಮಾತ್ರ ಮೊದಲಿನಷ್ಟೇ ಸಲೀಸು."

ಗುಂಡನಿಗೆ ದೊಡ್ಡಪ್ಪನಿಗಿಂತ ಕ್ರಿಯಾಪದದ ಚಿಂತೆ. "ನಿಷ್ಕ್ರಿಯಗೊಳಿಸಿತು ಅಂತ ಹಾಕ್ಲಾ?"

"ಅದು ಬಾಂಬಿಗಾತು."

"ದುರ್ಬಲಗೊಳಿಸಿತು?"

"ಅದು ಚಂಡಮಾರುತಕ್ಕೆ. ಅದೂ ತಾನೇ ದುರ್ಬಲಗೊಳ್ಳೋದು, ಯಾರೂ ಹೋಗಿ ಮಾಡಲ್ಲ" ಅಂದೆ ನಾನು.

ಬಾಯಿತಪ್ಪಿ ಆಡಿದ ಈ ಮಾತೇ ನನಗೆ ಅಂದಿನ ಕೊನೆಯವರೆಗೂ ಅಂಟಿಕೊಂಡಿತು. ಕನ್ನಡದಲ್ಲಿ ಕುಸಿಯುವುದಕ್ಕೆ ಎಷ್ಟೊಂದು ಮಾತಿವೆ: ಸೊರಗು, ಬಳಲು, ಬಸವಳಿ, ಕುಗ್ಗು, ಸೋಲು, ಮರಗಟ್ಟು. ಕುಸಿಯುವಂತೆ ಮಾಡುವುದಕ್ಕೆ ಬಂದರೆ ಬಳಲಿಸು, ಕುಗ್ಗಿಸು ಅಂತ ಇದ್ದರೂ, ನಾವು ಬಾಲಕ್ಕೆ 'ಗೊಳಿಸು' ಕಟ್ಟಿ ಸರ್ಕಾರಿ ಸುತ್ತೋಲೆಯ ಕನ್ನಡ ತಯಾರಿಸುತ್ತೇವೆ. ನಮ್ಮಲ್ಲಿ ಕೈಕಾಲು ಸೋಲುತ್ತವೆ, ಯಾರು ಸೋಲಿಸಿದರು ಅಂತ ಯಾರೂ ಕೇಳುವುದಿಲ್ಲ. "ಚಾಪೆ ನನ್ನ ಕಾಲನ್ನು ಮರಗಟ್ಟಿಸಿತು" ಅಂತ ಯಾವ ಅಜ್ಜಿಯಾದರೂ ಅಂದದ್ದುಂಟೆ? "ಕಾಲು ಜೋಮು ಹಿಡೀತು ಕಣೋ" ಅನ್ನುತ್ತಾಳೆ. ಚಾಪೆ ನಿರಪರಾಧಿ. ಕುರುಕ್ಷೇತ್ರದ ನಡುವೆ ನಿಂತ ಅರ್ಜುನ ಕೂಡ ಕೃಷ್ಣನಿಗೆ ಹೇಳಿದ್ದು ಅದೇ ಧಾಟಿಯಲ್ಲಿ: ಅವಯವಗಳು ಕುಸಿಯುತ್ತಿವೆ, ಬಾಯಿ ಒಣಗುತ್ತಿದೆ, ಗಾಂಡೀವ ಜಾರುತ್ತಿದೆ.

"ಜಂಘಾಬಲ ಉಡುಗಿತು ಅನ್ನಬಹುದಲ್ಲ?" ಭಟ್ಟರ ಸಲಹೆ.

"ಜಂಘೆ ಅಂದ್ರೆ ಮೊಣಕಾಲಿಂದ ಕೆಳಗಿನ ಭಾಗ. ಮೀನಖಂಡದ ಬಲ ಅದು, ಓಡಿಹೋಗೋಕೆ ಬೇಕಾದದ್ದು" ಅಂದರು ಮೇಷ್ಟ್ರು. "ಎದೆ ಉಡುಗಿದ್ರೂ ನಮ್ಮೋರು ಲೆಕ್ಕಕ್ಕಿಡಲ್ಲ. ಓಡೋ ಶಕ್ತಿ ಹೋದ್ರೆ ಮಾತ್ರ ನಿಜವಾಗ್ಲೂ ಹೋಯ್ತು ಅಂತ ಲೆಕ್ಕ."

ಪಾಟೀಲನದು 'ಹೈರಾಣ' ಒಂದೇ ಪಟ್ಟು. "ಮಂದಿ ಹೈರಾಣ ಆದ್ರು ಅಂತ ಬರಿ." ಮೈಸೂರು ಕಡೆಯ ನನಗೆ 'ಹಣ್ಣಾದರು' ವಾಸಿ ಅನಿಸಿತು, ಮಾವು ಹಣ್ಣಾದರೆ ಬೆಲೆ ಏರುತ್ತೆ, ಮನುಷ್ಯ ಹಣ್ಣಾದರೆ ಮಾತ್ರ ಯಾರಿಗೂ ಬೇಡ. ಭಟ್ಟರು ತುಳುವಿನ 'ಬಚ್ಚುಂಡು' ತಂದರು. ಆಯಾಸಕ್ಕೆ ಹೇಳುವ ಮಾತಂತೆ. ಪಾಟೀಲ ಬಚ್ಚಲು ಎಲ್ಲೈತಿ ಅಂತ ಮಾಣಿಯನ್ನು ಕೇಳಿಯೇಬಿಟ್ಟ.

ಎರಡನೇ ಸುತ್ತು ಕಾಫಿ ಬಂದಾಗ ಮೇಷ್ಟ್ರು ನಿಜವಾದ ಪ್ಯಾರಲೈಸ್ ಯಾವುದು ಗೊತ್ತೇನ್ರೋ ಅಂತ ಶುರು ಮಾಡಿದರು. ಮಣ್ಣಿನ ಗೂಡು ಕಟ್ಟುವ ಕಣಜವಿದೆಯಲ್ಲ, ಅದು ಕಂಬಳಿಹುಳುವನ್ನೋ ಜೇಡವನ್ನೋ ಕುಟುಕುತ್ತದೆ. ಬೇಟೆ ಸಾಯುವುದಿಲ್ಲ, ಅಲ್ಲಾಡುವುದೂ ಇಲ್ಲ. ಹೊತ್ತು ತಂದು ಗೂಡಿನಲ್ಲಿಟ್ಟು, ಮೊಟ್ಟೆಯಿಟ್ಟು, ಬಾಯಿ ಮುಚ್ಚಿಬಿಡುತ್ತದೆ. ಮರಿಗೆ ಕೆಡದ ತಾಜಾ ಊಟ, ಫ್ರಿಜ್ಜಿನ ಖರ್ಚಿಲ್ಲ. ಕೊನೆಗೆ ಗೂಡು ಒಡೆದು ಕಣಜ ಹೊರಬಂದದ್ದನ್ನು ಕಂಡ ಹಳಬರು, ಒಳಗಿದ್ದ ಹುಳುವೇ ಕಣಜವಾಯಿತು ಅಂದುಕೊಂಡರು. ಅದೇ ಭ್ರಮರಕೀಟ ನ್ಯಾಯ. ಗುರುವನ್ನು ಧ್ಯಾನಿಸುತ್ತ ಶಿಷ್ಯನೂ ಗುರುವೇ ಆಗುತ್ತಾನೆ ಅನ್ನೋದಕ್ಕೆ ದೃಷ್ಟಾಂತ.

ಗುಂಡ ಲೋಟ ಕೆಳಗಿಟ್ಟ. ಅವನು ಹೈಸ್ಕೂಲಿನಲ್ಲಿ ಇದೇ ಮೇಷ್ಟ್ರ ಶಿಷ್ಯ.

"ಸಾರ್, ಇದನ್ನ ನೀವು ನಮಗೆ ಒಂಬತ್ತನೇ ಕ್ಲಾಸಲ್ಲಿ ಹೇಳಿದ್ರಿ."

"ಹೌದು, ಪ್ರತಿವರ್ಷ ಹೇಳ್ತಿದ್ದೆ."

"ಅದಕ್ಕೇ ಇರಬೇಕು, ಮಧ್ಯಾಹ್ನದ ಪೀರಿಯಡ್ಡಲ್ಲಿ ಇಡೀ ಕ್ಲಾಸು ಜೀವ ಇದ್ದೂ ಅಲ್ಲಾಡದೆ ಕೂತಿರ್ತಿತ್ತು."

ಮೇಷ್ಟ್ರು ನಕ್ಕರು, ಆದರೆ ಸ್ವಲ್ಪ ತಡವಾಗಿ. ಪಾಟೀಲ ಪರಿಸ್ಥಿತಿ ಸಂಭಾಳಿಸಲು, ಈಗಿನ ಮಂದಿ ಮುಖದ ಗೆರೆ ಹೋಗ್ಲಿ ಅಂತ ಬೊಟಾಕ್ಸ್ ಚುಚ್ಚಿಸಿಕೊಂಡು ಮೂರ್ನಾಲ್ಕು ತಿಂಗಳ ಲಕ್ವ ರೊಕ್ಕ ಕೊಟ್ಟು ತರ್ತಾರ ಅಂದ. ಅದು ನಿಜವೇ, ಸ್ನಾಯುವನ್ನು ತಾತ್ಕಾಲಿಕವಾಗಿ ಸುಮ್ಮನಾಗಿಸುವ ವಿಷವೇ ಅದು. ಆದರೆ ಯಾರೂ ಕಿವಿಗೊಡಲಿಲ್ಲ, ಮೇಷ್ಟ್ರ ಮುಖದಲ್ಲಿ ಗೆರೆಗಳು ಜಾಸ್ತಿಯಾಗಿದ್ದವು.

ಅಂತೂ ಹನ್ನೊಂದರ ಹೊತ್ತಿಗೆ ಐವರೂ ಒಪ್ಪಿದ ವಾಕ್ಯ ಕಾಗದದ ಕರವಸ್ತ್ರದ ಮೇಲೆ ಮೂಡಿತು: "ಬಸ್ಸು ನಿಂತವು; ಊರಿಗೆ ಊರೇ ಜೋಮು ಹಿಡಿದು ಕೂತಿತು." ಮಾಡಿದವರು ಯಾರು ಅನ್ನೋ ಸುಳಿವಿಲ್ಲ, ಪಾರ್ಶ್ವದ ತಕರಾರಿಲ್ಲ, ಎರಡು ವಾರ ಬಿಟ್ಟು ಮತ್ತೆ ರಕ್ತ ಓಡಿತು ಅನ್ನೋದಕ್ಕೂ ಜಾಗವಿದೆ. ಗುಂಡ ಅಲ್ಲಿಂದಲೇ ಕಳಿಸಿದ.

ಬುಧವಾರ ಅಚ್ಚಾಗಿ ಬಂತು. ಸಂಪಾದಕರು ಒಂದೇ ಒಂದು ಕಡೆ ಕೈಯಾಡಿಸಿದ್ದರು: "ಮುಷ್ಕರದಿಂದ ಜನಜೀವನ ಅಸ್ತವ್ಯಸ್ತ."