ಎಂಟು ವರ್ಷದ ಮಗಳಿಗೆ ‘ದಿ ಮಾನ್‌ಸ್ಟರ್ ಸ್ಕ್ವಾಡ್’ ತೋರಿಸಬಹುದಾ?

ರಾಗಿಮುದ್ದೆ:
ಮಗಳಿಗೆ ಎಂಟು ವರ್ಷ. ಡ್ರಾಕುಲಾ, ಬಟ್ಟೆ ಸುತ್ತಿದ ಈಜಿಪ್ಟಿನ ಹೆಣ ಮಮ್ಮಿ ಅಂದ್ರೆ ಪ್ರಾಣ. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲೆಲ್ಲ ಕೋರೆಹಲ್ಲು. 1987ರ ಈ ಸಿನಿಮಾ ಮಕ್ಕಳದ್ದೇ ಅಂತ ಯಾರೋ ಹೇಳಿದರು. ಶನಿವಾರ ಹಾಕೋಣ ಅಂತಿದ್ದೇನೆ. ಹೆದರಿಕೊಳ್ಳುತ್ತಾಳಾ? ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದ ಬೀದಿಯಲ್ಲಿ ಬೆಳೆದವಳು ನಾನು, ನನ್ನ ಧೈರ್ಯ ನಂಬುವ ಹಾಗಿಲ್ಲ.

ತೂಗುಮಂಚ:
ಮಗನಿಗೆ ಒಂಬತ್ತಿದ್ದಾಗ ದಸರಾ ರಜೆಯಲ್ಲಿ ತೋರಿಸಿದೆ. ಅವನು ಹೆದರಲಿಲ್ಲ, ಪೇಚಿಗೆ ಸಿಕ್ಕಿದ್ದು ನಾನು.

ಡ್ರಾಕುಲಾ ರಾಕ್ಷಸರ ಪಟಾಲಂ ಕಟ್ಟಿಕೊಂಡು ಅಮೆರಿಕದ ಒಂದು ಊರಿಗೆ ಬರುತ್ತಾನೆ. ಮರದ ಮೇಲಿನ ಮನೆಯಲ್ಲಿ ಕೂತು ದೆವ್ವದ ಸಿನಿಮಾ ಹರಟುವ ಹುಡುಗರೇ ಎದುರು ನಿಲ್ಲಬೇಕು. ತೋಳಮನುಷ್ಯನಿಗೆ ಬೆಳ್ಳಿ ಗುಂಡು ತಯಾರಾಗುವುದು ಶಾಲೆಯ ವರ್ಕ್‌ಶಾಪಿನಲ್ಲಿ! ಡ್ರಾಕುಲಾನ ಮುಖ ಸುಡುವುದು ಬೆಳ್ಳುಳ್ಳಿ ಪಿಜ್ಜಾ. ಮಮ್ಮಿಯ ಬಟ್ಟೆಯ ತುದಿಯನ್ನು ಬಾಣಕ್ಕೆ ಕಟ್ಟಿ ಹೊಡೆದು, ನೂಲಿನ ಉಂಡೆಯಂತೆ ಬಿಚ್ಚಿಬಿಡುತ್ತಾರೆ. ಅಲ್ಲಿ ಮಗ ನಕ್ಕು ನಕ್ಕು ಸೋಫಾದಿಂದ ಜಾರಿದ.

ನನಗಿಷ್ಟ ಬೀರುವಿನ ದೃಶ್ಯ. ಬೀರುವಿನಲ್ಲಿ ಭೂತ ಇದೆ ಅಂತಾನೆ ಪುಟ್ಟ ಹುಡುಗ. ಅಪ್ಪ ಬಾಗಿಲು ತೆಗೆದು, ಮಗನ ಕಡೆಯೇ ನೋಡುತ್ತಾ ‘ನೋಡು, ಏನೂ ಇಲ್ಲ’ ಅಂತಾನೆ. ಮಮ್ಮಿ ಅಲ್ಲೇ ನಿಂತಿರುತ್ತೆ.

ಪೇಚು ಕೊನೆಗೆ. ರಾಕ್ಷಸರನ್ನು ಓಡಿಸುವ ಮಂತ್ರವನ್ನು ಕನ್ಯೆಯೇ ಓದಬೇಕು. ಹಾಗಂದ್ರೇನು ಅಂತ ಮಗ ಕೇಳಿದ. ‘ಮದುವೆ ಆಗದವಳು’ ಅಂದೆ. ಒಬ್ಬ ಹುಡುಗನ ಅಕ್ಕ ಓದುತ್ತಾಳೆ, ಮಂತ್ರ ಕೆಲಸ ಮಾಡಲ್ಲ. ‘ಅಪ್ಪಾ, ಅವಳಿಗೂ ಮದುವೆ ಆಗಿಲ್ಲವಲ್ಲ?’ ನಾನು ನೀರು ಕುಡಿಯಲು ಎದ್ದು ಹೋದೆ.

ಹಳೇ ರೀಲು:
ನಾನಾದರೆ ಇನ್ನೆರಡು ವರ್ಷ ಕಾಯುತ್ತಿದ್ದೆ. ಅಮೆರಿಕದಲ್ಲೂ ಇದು ಪಿಜಿ-13, ಅಂದರೆ ಹದಿಮೂರರ ಒಳಗಿನವರ ವಿಷಯದಲ್ಲಿ ಹೆತ್ತವರು ಎಚ್ಚರವಾಗಿರಿ ಅಂತ. ರಾಕ್ಷಸರಿಗಿಂತ ಹುಡುಗರ ಬಾಯಿಯದ್ದೇ ಭಯ. ಸಲಿಂಗಿಗಳನ್ನು ಹೀಗಳೆಯುವ ಬೈಗುಳ ಇದೆ, ಹುಡುಗಿಯ ಫೋಟೋ ಕದ್ದು ತೆಗೆಯುವುದು ಇದೆ. ದಪ್ಪ ಹುಡುಗನನ್ನು ‘ಫ್ಯಾಟ್ ಕಿಡ್’ ಅಂತಲೇ ಕರೆಯುತ್ತಾರೆ. ಕೊನೆಗೆ ಅವನೇ ಡ್ರಾಕುಲಾನ ಪಟಾಲಮ್ಮಿನ ನೀರುಮನುಷ್ಯನನ್ನು ಹೊಡೆದುರುಳಿಸಿ ‘ನನ್ನ ಹೆಸರು ಹೊರೇಸ್’ ಅಂತಾನಲ್ಲ, ಅದೊಂದು ಮಾತ್ರ ಶಿಳ್ಳೆ ಹೊಡೆಯುವ ಹಾಗಿದೆ.

ಆದರೂ ರಾಕ್ಷಸರ ವೇಷ ಕಟ್ಟುವ ಕಲಾವಿದ ಸ್ಟ್ಯಾನ್ ವಿನ್‌ಸ್ಟನ್ ತಂಡದ ವೇಷಗಳನ್ನು ಈಗಲೂ ಬಾಯಿಬಿಟ್ಟು ನೋಡುತ್ತೇನೆ. ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದವರ ಹಳೇ ರಾಕ್ಷಸರ ಪಡಿಯಚ್ಚು ಆಗಕೂಡದು, ನೋಡಿದ ತಕ್ಷಣ ಗುರುತೂ ಸಿಗಬೇಕು. ಸುಲಭ ಅಲ್ಲ. ಇನ್ನೊಂದು: 1931ರ ‘ಫ್ರಾಂಕೆನ್‌ಸ್ಟೈನ್’ ಸಿನಿಮಾದಲ್ಲಿ ಆ ಹೆಸರಿನ ವಿಜ್ಞಾನಿ ಹೆಣಗಳಿಂದ ಕಟ್ಟಿದ ರಾಕ್ಷಸ ಪುಟ್ಟ ಹುಡುಗಿಯನ್ನು ಕೆರೆಗೆ ಎಸೆಯುತ್ತಾನೆ. ಇಲ್ಲೂ ನೀರಿನ ದಂಡೆಯಲ್ಲೇ ಹುಡುಗರಲ್ಲೊಬ್ಬನ ತಂಗಿ, ಐದು ವರ್ಷದ ಫೀಬಿಗೆ ಎದುರಾಗುತ್ತಾನೆ. ಆದರೆ ಗೆಳೆಯನಾಗುತ್ತಾನೆ.

ಚಿಕ್ಕವರಿಗೆ 1948ರ ಹಾಸ್ಯಚಿತ್ರ ‘ಅಬಟ್ ಅಂಡ್ ಕಾಸ್ಟೆಲ್ಲೋ ಮೀಟ್ ಫ್ರಾಂಕೆನ್‌ಸ್ಟೈನ್’ ಹಾಕಿ. ಹಳೇ ‘ಡ್ರಾಕುಲಾ’ ಸಿನಿಮಾದ ನಟ ಬೆಲಾ ಲುಗೋಸಿಯೇ ಇಲ್ಲೂ ಡ್ರಾಕುಲಾ.

ತೂಗುಮಂಚ:
ಕಪ್ಪು-ಬಿಳುಪು ಅಂದ್ರೆ ನಮ್ಮನೇಲಿ ಹತ್ತೇ ನಿಮಿಷ ಸ್ವಾಮಿ.

ರಾಗಿಮುದ್ದೆ:
ಇಬ್ಬರಿಗೂ ಥ್ಯಾಂಕ್ಸ್. ರಿಮೋಟ್ ಕೈಯಲ್ಲೇ ಹಿಡಿದು, ಫೋಟೋ ವಿಷಯ ಓಡಿಸಿ ‘ಸ್ಕ್ವಾಡ್’ ತೋರಿಸಿದೆ. ಬೈಗುಳ ಅವಳಿಗೆ ಅರ್ಥವಾಗಲಿಲ್ಲ. ಮಲಗುವಾಗ ಬೀರು ತೆಗೆದು ತೋರಿಸು ಅಂದಳು. ತೆಗೆದು ‘ನೋಡು, ಬರೀ ಸೀರೆ’ ಅಂದೆ.

‘ಅಮ್ಮಾ, ನೀನು ನನ್ನನ್ನೇ ನೋಡ್ತಿದೀಯ’ ಅಂದಳು.