ಟೆಕ್ಸಾಸಿನ ಚಳಿಗಾಲದಲ್ಲಿ ಕರೆಂಟ್ ಹೋದರೆ ಯಾವ ಇಂಧನವನ್ನು ನಂಬಬಹುದು?

ಪ್ರಶ್ನೆ: ಫ್ರಿಸ್ಕೊ ಗೃಹಿಣಿ

ಎಲ್ಲರಿಗೂ ನಮಸ್ಕಾರ. ಕಳೆದ ಬೇಸಿಗೆಯಲ್ಲಿ ನಾವು ಬೆಂಗಳೂರಿನಿಂದ ಡಲ್ಲಾಸ್ ಬಳಿಯ ಫ್ರಿಸ್ಕೊಗೆ ಬಂದು ನೆಲೆಸಿದ್ದೇವೆ. ನಾವು ಕೊಂಡ ಮನೆಗೆ ಗ್ಯಾಸ್ ಸಂಪರ್ಕವಿಲ್ಲ. ಒಲೆ, ನೀರು ಕಾಯಿಸುವ ಹೀಟರ್, ಮನೆಯನ್ನು ಬೆಚ್ಚಗಿಡುವ ಹೀಟ್ ಪಂಪ್ ಎಲ್ಲವೂ ಕರೆಂಟಿನಿಂದಲೇ ನಡೆಯುತ್ತವೆ. 2021ರ ಫೆಬ್ರುವರಿಯಲ್ಲಿ ಇಲ್ಲಿ ದಿನಗಟ್ಟಲೆ ವಿದ್ಯುತ್ ಇರಲಿಲ್ಲವೆಂದು ಅಕ್ಕಪಕ್ಕದವರು ಹೇಳುವುದನ್ನು ಕೇಳಿದಾಗಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ನಮ್ಮ ಅತ್ತೆಯವರು ಈ ಚಳಿಗಾಲವೆಲ್ಲ ನಮ್ಮೊಂದಿಗೇ ಇರುತ್ತಾರೆ, ಅವರಿಗೆ ರಾತ್ರಿ ಉಸಿರಾಟಕ್ಕೆ ಸಿಪ್ಯಾಪ್ ಯಂತ್ರ ಬೇಕೇಬೇಕು.

ಅಂದು ಗಾಳಿಯಂತ್ರಗಳು ಹೆಪ್ಪುಗಟ್ಟಿದ್ದರಿಂದಲೇ ಅನಾಹುತವಾಯಿತೆಂದು ಪಕ್ಕದ ಮನೆಯವರು ಹೇಳುತ್ತಾರೆ. ನನ್ನ ಯಜಮಾನರ ಸಹೋದ್ಯೋಗಿಗಳು ಗ್ಯಾಸಿನದೇ ತಪ್ಪು ಎನ್ನುತ್ತಾರೆ. ಚಳಿಗಾಲದಲ್ಲಿ ನಿಜಕ್ಕೂ ನೆಚ್ಚಿಕೊಳ್ಳಬಹುದಾದ ವಿದ್ಯುತ್ ಮೂಲ ಯಾವುದು? ನಾವು ಮನೆಗೆ ಗ್ಯಾಸ್ ಎಳೆಸಬೇಕೆ, ಚಾವಣಿಯ ಮೇಲೆ ಸೌರ ಫಲಕ ಹಾಕಿಸಬೇಕೆ, ಇಲ್ಲವೆ ಜನರೇಟರ್ ಕೊಳ್ಳಬೇಕೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ಆಸ್ಟಿನ್ ಕನ್ನಡಿಗ

ನಮಸ್ಕಾರ ಮೇಡಂ. ನಾನು ವಿದ್ಯುತ್ ಜಾಲಗಳ ಅಧ್ಯಯನವನ್ನೇ ವೃತ್ತಿಯಾಗಿ ಮಾಡಿಕೊಂಡವನು, ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

2021ರ ಫೆಬ್ರುವರಿ 15ರ ನಸುಕಿನಲ್ಲಿ, ಒಂದೂವರೆ ಗಂಟೆಯ ಆಸುಪಾಸಿನಲ್ಲಿ, ಟೆಕ್ಸಾಸಿನ ಗ್ರಿಡ್, ಅಂದರೆ ವಿದ್ಯುತ್ ಜಾಲ, ನಡೆಸುವ ಎರ್ಕಾಟ್ ಸಂಸ್ಥೆ ಲೋಡ್ ಶೆಡ್ಡಿಂಗಿಗೆ ಆದೇಶಿಸಿತು. ಒಂದರ ಹಿಂದೊಂದು ಸ್ಥಾವರ ಕೈಕೊಡುತ್ತಿದ್ದುದರಿಂದ 60 ಹರ್ಟ್ಜ್ ಇರಬೇಕಾದ ಫ್ರೀಕ್ವೆನ್ಸಿ (ಕರೆಂಟ್ ಸೆಕೆಂಡಿಗೆ ಎಷ್ಟು ಆವರ್ತ ಮಾಡುತ್ತದೆಂಬ ಲೆಕ್ಕ, ಬೇಡಿಕೆಗಿಂತ ಉತ್ಪಾದನೆ ಕಡಿಮೆಯಾದರೆ ಇದು ಇಳಿಯುತ್ತದೆ) 59.3ರ ಮಟ್ಟಕ್ಕೆ ಕುಸಿಯಿತು. 59.4ಕ್ಕಿಂತ ಕೆಳಗೆ ಒಂಬತ್ತು ನಿಮಿಷ ಉಳಿದರೆ ಉಳಿದ ಜನರೇಟರುಗಳೂ ತಮ್ಮ ರಕ್ಷಣೆಗಾಗಿ ತಾವೇ ಕಳಚಿಕೊಳ್ಳುವಂತೆ ವ್ಯವಸ್ಥೆ ಇರುತ್ತದೆ. ಅಂದು ನಾಲ್ಕು ನಿಮಿಷಕ್ಕೂ ಹೆಚ್ಚು ಕಾಲ ಅದಕ್ಕಿಂತ ಕೆಳಗೇ ಇತ್ತು. ಇನ್ನಷ್ಟು ಹೊತ್ತು ಹಾಗೆಯೇ ಮುಂದುವರಿದಿದ್ದರೆ ಇಡೀ ಜಾಲ ಕತ್ತಲಾಗಿ, ಅದನ್ನು ಮತ್ತೆ ಎಬ್ಬಿಸಲು ವಾರಗಳೇ ಬೇಕಾಗುತ್ತಿದ್ದವು. ಅದನ್ನು ತಪ್ಪಿಸುವುದಕ್ಕಾಗಿ 20,000 ಮೆಗಾವಾಟ್‌ನಷ್ಟು ಬೇಡಿಕೆಯನ್ನು ಕಡಿತಗೊಳಿಸಿದರು. 45 ಲಕ್ಷಕ್ಕೂ ಹೆಚ್ಚು ಮನೆಗಳು ಕತ್ತಲಲ್ಲಿ ಉಳಿದವು. ಡಲ್ಲಾಸಿನಲ್ಲಿ ಮರುದಿನ ತಾಪಮಾನ ಶೂನ್ಯಕ್ಕಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ರಾಜ್ಯ ಸರ್ಕಾರದ ಲೆಕ್ಕದಂತೆಯೇ 246 ಜನ ಸತ್ತರು.

ಇನ್ನು ತಪ್ಪು ಯಾರದು ಎಂಬುದು. ಫೆಡರಲ್ ಇಂಧನ ನಿಯಂತ್ರಣ ಆಯೋಗ ಮತ್ತು ವಿದ್ಯುತ್ ಜಾಲಗಳ ಭದ್ರತೆಯ ಮಾನದಂಡ ರೂಪಿಸುವ ನೆರ್ಕ್ ಸಂಸ್ಥೆಗಳು ಅದೇ ವರ್ಷದ ನವೆಂಬರಿನಲ್ಲಿ ಜಂಟಿ ವರದಿ ಕೊಟ್ಟವು. ಟೆಕ್ಸಾಸ್ ಮತ್ತು ಅದರ ಸುತ್ತಲಿನ ಪ್ರದೇಶದಲ್ಲಿ ತೊಂದರೆಗೊಳಗಾದ 1,045 ಉತ್ಪಾದನಾ ಘಟಕಗಳಲ್ಲಿ ಶೇ. 58ರಷ್ಟು ನೈಸರ್ಗಿಕ ಅನಿಲದವು, ಶೇ. 27ರಷ್ಟು ಪವನ ವಿದ್ಯುತ್ತಿನವು, ಶೇ. 6ರಷ್ಟು ಕಲ್ಲಿದ್ದಲಿನವು, ಶೇ. 2ರಷ್ಟು ಸೌರ ವಿದ್ಯುತ್ತಿನವು. ಗಾಳಿಯಂತ್ರಗಳ ರೆಕ್ಕೆಗಳಿಗೆ ಮಂಜು ಹಿಡಿದದ್ದು ನಿಜ, ನಿಮ್ಮ ನೆರೆಯವರು ಸುಳ್ಳು ಹೇಳಿಲ್ಲ. ಆದರೆ ಚಳಿಗಾಲದಲ್ಲಿ ಗಾಳಿಯಿಂದ ಸಿಗುವುದು ಅಲ್ಪವೆಂದು ಮೊದಲೇ ಲೆಕ್ಕ ಹಾಕಿದ್ದರು. ದೊಡ್ಡ ಪಾಲನ್ನು ಹೊರಬೇಕಾಗಿದ್ದದ್ದು ಅನಿಲ, ಅದೇ ಹೆಚ್ಚು ಕೈಕೊಟ್ಟಿತು.

ಅನಿಲ ಏಕೆ ಕೈಕೊಟ್ಟಿತು ಎಂಬುದನ್ನು ತಿಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಬಾವಿಯಿಂದ ಮೇಲೆ ಬರುವ ಅನಿಲದ ಜೊತೆ ನೀರೂ ಬರುತ್ತದೆ. ಕೊರೆಯುವ ಚಳಿಯಲ್ಲಿ ಆ ನೀರು ಬಾವಿಯ ಬಾಯಲ್ಲೇ ಹೆಪ್ಪುಗಟ್ಟಿ ಹರಿವು ನಿಂತುಬಿಡುತ್ತದೆ. ಆ ವಾರ ಟೆಕ್ಸಾಸಿನ ಅನಿಲ ಉತ್ಪಾದನೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅನಿಲವನ್ನು ಶುದ್ಧೀಕರಿಸುವ ಘಟಕಗಳೂ ಕೊಳವೆಯಲ್ಲಿ ದೂಡುವ ಕಂಪ್ರೆಸರುಗಳೂ ಹಲವೆಡೆ ಕರೆಂಟಿನಿಂದ ನಡೆಯುತ್ತವೆ. ಅವುಗಳಲ್ಲಿ ಎಷ್ಟೋ ಘಟಕಗಳು ಅತ್ಯಗತ್ಯ ಗ್ರಾಹಕರೆಂದು ನೋಂದಾಯಿಸಿಕೊಂಡಿರಲಿಲ್ಲವಾದ್ದರಿಂದ, ಗ್ರಿಡ್ ಉಳಿಸಲು ಮಾಡಿದ ಕಡಿತವೇ ಅವುಗಳ ಕರೆಂಟನ್ನೂ ತೆಗೆಯಿತು, ಅನಿಲ ಇನ್ನಷ್ಟು ಕಡಿಮೆಯಾಯಿತು, ಅದರಿಂದ ಇನ್ನಷ್ಟು ಸ್ಥಾವರಗಳು ನಿಂತವು. ಕಲ್ಲಿದ್ದಲನ್ನು ಸ್ಥಾವರದ ಅಂಗಳದಲ್ಲೇ ರಾಶಿ ಹಾಕಿಕೊಳ್ಳಬಹುದು, ಅಣುಸ್ಥಾವರದಲ್ಲಿ ತಿಂಗಳುಗಟ್ಟಲೆಯ ಇಂಧನ ರಿಯಾಕ್ಟರಿನೊಳಗೇ ಇರುತ್ತದೆ, ಆದರೆ ಅನಿಲ ಬೇಕಾದ ಹೊತ್ತಿಗೆ ಕೊಳವೆಯಲ್ಲಿ ಬಂದರೆ ಉಂಟು, ಬಾರದಿದ್ದರೆ ಇಲ್ಲ.

ಹಾಗೆಂದು ಅಣುವಿದ್ಯುತ್ತು ಪೂರ್ತಿ ಪಾರಾಗಲಿಲ್ಲ. ಸೌತ್ ಟೆಕ್ಸಾಸ್ ಪ್ರಾಜೆಕ್ಟಿನ ಒಂದನೆಯ ಘಟಕ ಅದೇ 15ರ ಬೆಳಗಿನ ಜಾವ ನಿಂತುಹೋಯಿತು. ರಿಯಾಕ್ಟರಿಗೆ ಏನೂ ಆಗಿರಲಿಲ್ಲ. ನೀರಿನ ಒತ್ತಡ ಅಳೆಯುವ ಒಂದು ಸಣ್ಣ ಕೊಳವೆ ಹೆಪ್ಪುಗಟ್ಟಿ ತಪ್ಪು ಸಂಕೇತ ಕೊಟ್ಟಿತ್ತು, ಅಷ್ಟೇ. ಸಾವಿರಕ್ಕೂ ಹೆಚ್ಚು ಮೆಗಾವಾಟ್ ಬೆರಳು ಗಾತ್ರದ ಭಾಗವೊಂದರಿಂದ ಹೋಯಿತು. ಅದೇ ವರದಿ ಹೇಳುವ ಇನ್ನೊಂದು ಸಂಗತಿ ನನ್ನನ್ನು ಈಗಲೂ ಕಾಡುತ್ತದೆ: ಹೆಪ್ಪುಗಟ್ಟಿ ನಿಂತ ಪ್ರಕರಣಗಳಲ್ಲಿ ಶೇ. 81ರಷ್ಟು, ಆ ಘಟಕಗಳು ತಾಳಬಲ್ಲವೆಂದು ಅವುಗಳ ಒಡೆಯರೇ ಹೇಳಿಕೊಂಡಿದ್ದ ಚಳಿಗಿಂತ ಕಡಿಮೆ ಚಳಿಯಲ್ಲೇ ನಡೆದಿದ್ದವು. 2011ರ ಫೆಬ್ರುವರಿಯಲ್ಲೂ ಇಂಥದೇ ಕಡಿತವಾಗಿತ್ತು, ಚಳಿಯಿಂದ ರಕ್ಷಣೆ ಮಾಡಿಕೊಳ್ಳಿರೆಂದು ಆಗಲೇ ತಿಳಿಸಲಾಗಿತ್ತು. ಹೆಚ್ಚಿನವರು ಮಾಡಿಕೊಳ್ಳಲಿಲ್ಲ. ಹಾಗಾಗಿ ಮೂಲ ಯಾವುದು ಎಂಬುದಕ್ಕಿಂತ ಅದನ್ನು ಚಳಿಗೆ ಸಜ್ಜುಗೊಳಿಸಿದ್ದಾರೆಯೇ ಎಂದು ಕೇಳುವುದು ಹೆಚ್ಚು ಸರಿ. ಇದೇ ಗಾಳಿಯಂತ್ರಗಳು ಮಿನ್ನೆಸೋಟಾದಲ್ಲಿ ಇದಕ್ಕಿಂತ ಕಠಿಣ ಚಳಿಯಲ್ಲಿ ತಿರುಗುತ್ತವೆ, ಏಕೆಂದರೆ ಅಲ್ಲಿ ಅವುಗಳನ್ನು ಕೊಳ್ಳುವಾಗಲೇ ಚಳಿ ತಡೆಯುವ ಸಲಕರಣೆ ಹಾಕಿಸಿರುತ್ತಾರೆ.

ಉತ್ತರ: ಹ್ಯೂಸ್ಟನ್ ನಿವಾಸಿ

ಮೇಲಿನವರು ಜಾಲದ ವಿಷಯ ಬರೆದಿದ್ದಾರೆ, ನಾನು ಮನೆಯೊಳಗಿನ ವಿಷಯ ಬರೆಯುತ್ತೇನೆ. ಆ ವಾರ ನಮ್ಮ ಮನೆಯಲ್ಲಿ ಗ್ಯಾಸ್ ಇತ್ತು, ಮನೆಯನ್ನು ಬೆಚ್ಚಗಿಡುವ ಫರ್ನೇಸೂ ಗ್ಯಾಸಿನದೇ. ಆದರೂ ಮನೆ ತಣ್ಣಗಾಯಿತು, ಏಕೆಂದರೆ ಫರ್ನೇಸಿನ ಬಿಸಿಗಾಳಿಯನ್ನು ಕೋಣೆಗಳಿಗೆ ಊದುವ ಬ್ಲೋವರ್ ಕರೆಂಟಿನಿಂದ ನಡೆಯುತ್ತದೆ, ಹೊತ್ತಿಸುವ ಕಿಡಿಗೂ ಕರೆಂಟ್ ಬೇಕು. ಟ್ಯಾಂಕ್ ಇಲ್ಲದ ಗ್ಯಾಸ್ ಗೀಸರುಗಳ ಕಥೆಯೂ ಅಷ್ಟೇ. ಹೊರಗೋಡೆಗೆ ಕೂರಿಸಿದ ಗೀಸರ್ ಹೆಪ್ಪುಗಟ್ಟದಂತೆ ಕಾಯುವ ಸಣ್ಣ ಹೀಟರ್ ಒಳಗಿರುತ್ತದೆ, ಕರೆಂಟ್ ಹೋದೊಡನೆ ಅದೂ ನಿಂತು ಒಳಗಿನ ತಾಮ್ರದ ಕೊಳವೆ ಒಡೆಯುತ್ತದೆ. ನಮಗೆ ನೆರವಾದದ್ದು ಬೆಂಕಿಕಡ್ಡಿ ಗೀರಿ ಹೊತ್ತಿಸಿದ ಗ್ಯಾಸ್ ಒಲೆ ಮಾತ್ರ. ಅನ್ನ, ಸಾರು, ಕಾಫಿಗೆ ತೊಂದರೆಯಾಗಲಿಲ್ಲ.

ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ: ಮನೆ ಬೆಚ್ಚಗಾಗಲೆಂದು ಒಲೆಯನ್ನು ಉರಿಯಬಿಡಬೇಡಿ, ಒಳಗೆ ಇದ್ದಿಲು ಹಚ್ಚಬೇಡಿ, ಗ್ಯಾರೇಜಿನಲ್ಲಿ ಕಾರನ್ನಾಗಲಿ ಜನರೇಟರನ್ನಾಗಲಿ ಚಾಲೂ ಮಾಡಬೇಡಿ. ಆ ವಾರ ಕಾರ್ಬನ್ ಮಾನಾಕ್ಸೈಡಿನಿಂದ ಸತ್ತವರು ಚಳಿಯಿಂದ ತಪ್ಪಿಸಿಕೊಳ್ಳಲು ಹೊರಟವರೇ. ಆ ಅನಿಲಕ್ಕೆ ವಾಸನೆಯಿಲ್ಲ. ಬ್ಯಾಟರಿಯಿಂದ ನಡೆಯುವ ಅಲಾರಂ ಒಂದನ್ನು ಅತ್ತೆಯವರ ಕೋಣೆಯ ಹತ್ತಿರ ಈ ವಾರವೇ ಹಾಕಿಸಿ. ನೀರಿನ ಮುಖ್ಯ ವಾಲ್ವ್ ಎಲ್ಲಿದೆಯೆಂದು ಮನೆಯವರೆಲ್ಲರಿಗೂ ತೋರಿಸಿಡಿ. ನಮ್ಮ ಬೀದಿಯಲ್ಲಿ ಚಳಿಗಿಂತ ಹೆಚ್ಚು ನಷ್ಟವಾದದ್ದು ಚಾವಣಿಯೊಳಗಿನ ಕೊಳವೆ ಒಡೆದು ಸುರಿದ ನೀರಿನಿಂದ.

ಉತ್ತರ: ಶರಾವತಿ ಸೀಮೆಯವ

ನಾನು ಶಿವಮೊಗ್ಗದಲ್ಲಿರುವ ನಿವೃತ್ತ ಎಂಜಿನಿಯರ್, ಪ್ರಸರಣ ಮಾರ್ಗಗಳ ಕೆಲಸದಲ್ಲೇ ಆಯುಷ್ಯ ಕಳೆದವನು. ಮಗಳು ಆ ರಾಜ್ಯದಲ್ಲಿರುವುದರಿಂದ ಈ ಚರ್ಚೆಯನ್ನು ಆಸಕ್ತಿಯಿಂದ ಓದಿದೆ. ಯಾರೂ ಪ್ರಸ್ತಾಪಿಸದ ಒಂದು ವಿಷಯವಿದೆ. ಟೆಕ್ಸಾಸಿನ ಬಹುಭಾಗದ ಗ್ರಿಡ್ ಅಮೆರಿಕದ ಉಳಿದ ಜಾಲಗಳಿಂದ ಬೇರೆಯಾಗಿದೆ, ಹೊರಗಿನಿಂದ ತರಿಸಿಕೊಳ್ಳಬಹುದಾದದ್ದು ಹೆಚ್ಚೆಂದರೆ ಸಾವಿರದ ಚಿಲ್ಲರೆ ಮೆಗಾವಾಟ್. ರಾಜ್ಯದ ಪಶ್ಚಿಮ ತುದಿಯ ಎಲ್ ಪಾಸೊ ನಗರ ಪಶ್ಚಿಮದ ಜಾಲಕ್ಕೆ ಸೇರಿದೆ, ಜೊತೆಗೆ 2011ರ ಬಳಿಕ ತನ್ನ ಸ್ಥಾವರಗಳನ್ನು ಚಳಿಗೆ ಸಜ್ಜುಗೊಳಿಸಿಕೊಂಡಿತ್ತು. ಅಲ್ಲಿ ದೀಪಗಳು ಬಹುಮಟ್ಟಿಗೆ ಉರಿಯುತ್ತಲೇ ಇದ್ದವು.

ನಮ್ಮಲ್ಲೂ ದಕ್ಷಿಣದ ಗ್ರಿಡ್ ಬಹುಕಾಲ ಪ್ರತ್ಯೇಕವಾಗಿಯೇ ಇತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕೆವಿ ಮಾರ್ಗ ಚಾಲನೆಗೊಂಡ ಮೇಲೆ ದೇಶವೆಲ್ಲ ಒಂದೇ ಫ್ರೀಕ್ವೆನ್ಸಿಗೆ ಬಂತು. ಅದಕ್ಕೂ ಮೊದಲು, 2012ರ ಜುಲೈ ಕೊನೆಯಲ್ಲಿ ಉತ್ತರ, ಪೂರ್ವ ಮತ್ತು ಈಶಾನ್ಯ ಭಾರತ ಕತ್ತಲಾದಾಗ, ಬೇರೆಯಾಗಿದ್ದುದರಿಂದಲೇ ನಾವು ಪಾರಾದೆವು. ಆದ್ದರಿಂದ ಪ್ರತ್ಯೇಕವಾಗಿರುವುದರಲ್ಲಿ ಲಾಭವೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಲಿಂಗನಮಕ್ಕಿಯಲ್ಲಿ ನೀರು ತಳ ಕಂಡ ವರ್ಷಗಳಲ್ಲಿ ಹೊರಗಿನಿಂದ ವಿದ್ಯುತ್ ತರುವ ಮಾರ್ಗದ ಬೆಲೆ ಏನೆಂದು ಕಂಡಿದ್ದೇನೆ. ಜಲವಿದ್ಯುತ್ತು ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ, ಮಳೆ ಬಾರದ ವರ್ಷ ಅದೇ ಅತ್ಯಂತ ದುರ್ಬಲ. ನಮಗೆ ಪರೀಕ್ಷೆ ಮಾರ್ಚ್‌–ಏಪ್ರಿಲ್‌ನಲ್ಲಿ, ನಿಮಗೆ ಜನವರಿ–ಫೆಬ್ರುವರಿಯಲ್ಲಿ.

ಪ್ರಶ್ನೆ ಕೇಳಿದವರು: ಫ್ರಿಸ್ಕೊ ಗೃಹಿಣಿ

ಎಲ್ಲರಿಗೂ ಧನ್ಯವಾದಗಳು. ಸರ್, ಲೋಡ್ ಶೆಡ್ಡಿಂಗ್ ಎಂದರೆ ಸರದಿಯ ಮೇಲೆ ಒಂದೆರಡು ಗಂಟೆ ತೆಗೆಯುವುದೆಂದೇ ನಾವು ತಿಳಿದವರು. ಅಲ್ಲಿ ಕೆಲವು ಬೀದಿಗಳಿಗೆ ಮೂರು ದಿನ ಏಕೆ ಬರಲಿಲ್ಲ? ಈಗ ಪರಿಸ್ಥಿತಿ ಸುಧಾರಿಸಿದೆಯೆ? ಬ್ಯಾಟರಿ ಮತ್ತು ಸೌರ ಫಲಕದ ವಿಷಯವನ್ನೂ ದಯವಿಟ್ಟು ತಿಳಿಸಿ.

ಉತ್ತರ: ಆಸ್ಟಿನ್ ಕನ್ನಡಿಗ

ಆಸ್ಪತ್ರೆ, ನೀರು ಸರಬರಾಜು ಮುಂತಾದವು ಇರುವ ಫೀಡರುಗಳನ್ನು, ಅಂದರೆ ಬಡಾವಣೆಗಳಿಗೆ ಕರೆಂಟ್ ಒಯ್ಯುವ ಮಾರ್ಗಗಳನ್ನು, ತೆಗೆಯುವಂತಿರಲಿಲ್ಲ. ಫ್ರೀಕ್ವೆನ್ಸಿ ಇನ್ನೂ ಕುಸಿದರೆ ತಾವಾಗಿ ಕಳಚಿಕೊಳ್ಳಬೇಕಾದ ಫೀಡರುಗಳನ್ನೂ ಮುಟ್ಟುವಂತಿರಲಿಲ್ಲ. ಕಡಿತದ ಪ್ರಮಾಣ ಎಷ್ಟಿತ್ತೆಂದರೆ ಉಳಿದ ಫೀಡರುಗಳನ್ನೆಲ್ಲ ತೆಗೆದ ಮೇಲೆ ಸರದಿ ತಿರುಗಿಸಲು ಬೇರೆ ಫೀಡರೇ ಇರಲಿಲ್ಲ. ಆದ್ದರಿಂದಲೇ ಒಂದು ಬೀದಿಯಲ್ಲಿ ದೀಪ ಉರಿಯುತ್ತಿದ್ದರೆ ಎದುರಿನ ಬೀದಿ ದಿನಗಟ್ಟಲೆ ಕತ್ತಲಲ್ಲಿತ್ತು.

ಸುಧಾರಣೆ ಆಗಿದೆ. 2021ರ ಜೂನಿನಲ್ಲಿ ಬಂದ ಸೆನೆಟ್ ಬಿಲ್ 3 ಎಂಬ ರಾಜ್ಯದ ಕಾನೂನು ವಿದ್ಯುತ್ ಸ್ಥಾವರಗಳಿಗೆ ಚಳಿ ರಕ್ಷಣೆಯನ್ನು ಕಡ್ಡಾಯಗೊಳಿಸಿತು, ಈಗ ತಪಾಸಣೆಯೂ ನಡೆಯುತ್ತದೆ. ಗ್ರಿಡ್ ಮಟ್ಟದ ಬ್ಯಾಟರಿಗಳು ಅಂದು ಹೆಸರಿಗಷ್ಟೇ ಇದ್ದವು, ಈಗ ಹತ್ತು ಸಾವಿರ ಮೆಗಾವಾಟ್ ದಾಟಿವೆ. ಅನಿಲ ಬಾವಿಗಳ ಮೇಲಿನ ನಿಯಮ ಮಾತ್ರ ನನ್ನ ಅಭಿಪ್ರಾಯದಲ್ಲಿ ಇನ್ನೂ ಸಡಿಲವಾಗಿದೆ. ನೆರೆ ಜಾಲದ ಸಂಪರ್ಕವೂ ಎಲ್ಲ ಕಾಲಕ್ಕೂ ಕೈಹಿಡಿಯುವುದಿಲ್ಲ. 2022ರ ಕ್ರಿಸ್‌ಮಸ್ ಸಮಯದ ಚಳಿಯಲ್ಲಿ ಪೂರ್ವದ ದೊಡ್ಡ ಜಾಲಕ್ಕೆ ಸೇರಿದ್ದ ಟೆನೆಸೀ ವ್ಯಾಲಿ ಅಥಾರಿಟಿ ಎಂಬ ಸರ್ಕಾರಿ ವಿದ್ಯುತ್ ಸಂಸ್ಥೆಯೇ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಸರದಿ ಕಡಿತ ಮಾಡಬೇಕಾಯಿತು, ಏಕೆಂದರೆ ನೆರೆಯವರೂ ಅದೇ ಚಳಿಯಲ್ಲಿದ್ದರು.

ಸೌರ ಫಲಕದ ಬಗ್ಗೆ ಎರಡು ಮಾತು. ಚಳಿಗಾಲದ ಬೇಡಿಕೆ ಏರುವುದು ಸೂರ್ಯ ಹುಟ್ಟುವ ಮುನ್ನ ಮತ್ತು ಮುಳುಗಿದ ಮೇಲೆ. ಅಲ್ಲದೆ ಫಲಕದ ಕರೆಂಟನ್ನು ಮನೆಯ ಬಳಕೆಗೆ ತಕ್ಕಂತೆ ಬದಲಿಸುವ, ಗ್ರಿಡ್ಡಿಗೆ ಜೋಡಿಸಿದ ಸಾಮಾನ್ಯ ಇನ್ವರ್ಟರ್, ಲೈನ್‌ಮನ್‌ಗಳ ಸುರಕ್ಷತೆಗಾಗಿ, ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ. ಬ್ಯಾಟರಿ ಇಲ್ಲದೆ ಫಲಕವೊಂದೇ ಆ ರಾತ್ರಿ ನೆರವಿಗೆ ಬಾರದು.

ಬ್ಯಾಟರಿಯ ಲೆಕ್ಕ ಹೀಗಿದೆ. ಮನೆಗೆ ಹಾಕಿಸುವ ಸಾಮಾನ್ಯ ಬ್ಯಾಟರಿಯಲ್ಲಿ 13 ಯೂನಿಟ್ ಚಿಲ್ಲರೆ ಹಿಡಿಯುತ್ತದೆ. ನಿಮ್ಮ ಹೀಟ್ ಪಂಪಿನ ಜೊತೆಗಿರುವ ಹೆಚ್ಚುವರಿ ಹೀಟಿಂಗ್ ಕಾಯಿಲ್ ಕಡು ಚಳಿಯಲ್ಲಿ ತಾನಾಗಿ ಚಾಲೂ ಆಗುತ್ತದೆ. ಅದು 10 ಕಿಲೊವಾಟ್ ಎಳೆದರೆ ಬ್ಯಾಟರಿ ಒಂದೂವರೆ ಗಂಟೆಯೊಳಗೆ ಖಾಲಿ. ಅದೇ ಬ್ಯಾಟರಿ ಗ್ಯಾಸ್ ಫರ್ನೇಸಿನ 500 ವಾಟ್‌ನ ಬ್ಲೋವರನ್ನು ಒಂದು ದಿನಕ್ಕೂ ಹೆಚ್ಚು ಕಾಲ ನಡೆಸುತ್ತದೆ. ಹ್ಯೂಸ್ಟನ್ನಿನವರ ಮನೆಗೆ ಬೇಕಿದ್ದದ್ದು ಅಷ್ಟೇ ಕರೆಂಟ್. ಗ್ಯಾಸ್ ಮತ್ತು ಬ್ಯಾಟರಿ ಎರಡೂ ಇದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ, ಒಂದನ್ನೇ ನೆಚ್ಚಿದರೆ ಕೊರತೆ ಹಾಗೆಯೇ ಉಳಿಯುತ್ತದೆ.

ನೀವು ಈಗಲೇ ದೊಡ್ಡ ಖರ್ಚಿಗೆ ಹೋಗಬೇಕಿಲ್ಲ. ಸಿಪ್ಯಾಪ್ ಯಂತ್ರ, ಅದರ ತೇವಾಂಶದ ಹೀಟರ್ ಆರಿಸಿದರೆ, ತೀರ ಕಡಿಮೆ ಕರೆಂಟ್ ಬಳಸುತ್ತದೆ. ಒಂದು ಯೂನಿಟ್ ಹಿಡಿಯುವ, ಕೈಯಲ್ಲಿ ಎತ್ತಬಹುದಾದ ಬ್ಯಾಟರಿ ಅದಕ್ಕೆ ಒಂದೆರಡು ರಾತ್ರಿಗಳಿಗೆ ಸಾಕು. ಅದನ್ನು ಮೊದಲು ಕೊಂಡು, ಯಂತ್ರಕ್ಕೆ ಜೋಡಿಸಿ ಒಂದು ರಾತ್ರಿ ಪರೀಕ್ಷಿಸಿ ನೋಡಿ. ಜನರೇಟರ್ ಕೊಳ್ಳುವುದಾದರೆ 2,000 ವಾಟ್‌ನ ಸಣ್ಣದು ಸಾಕು. ಅದನ್ನು ಮನೆಯಿಂದ ಇಪ್ಪತ್ತು ಅಡಿಯಾದರೂ ದೂರ ಬಯಲಲ್ಲಿಡಿ, ಗೋಡೆಯ ಪ್ಲಗ್ಗಿಗೆ ಎಂದಿಗೂ ಜೋಡಿಸಬೇಡಿ. ವೈದ್ಯಕೀಯ ಉಪಕರಣ ಬಳಸುವ ಮನೆಯೆಂದು ನಿಮ್ಮ ವಿದ್ಯುತ್ ಕಂಪನಿಯಲ್ಲಿ ನೋಂದಾಯಿಸುವ ಅರ್ಜಿಯಿದೆ. ಅದಕ್ಕೆ ವೈದ್ಯರ ಸಹಿ ಬೇಕಾಗುವುದರಿಂದ ಡಿಸೆಂಬರಿಗೆ ಮುಂಚೆಯೇ ಕೊಟ್ಟುಬಿಡಿ. ಅದರಿಂದ ಕರೆಂಟ್ ಹೋಗದೆಂಬ ಖಾತರಿ ಸಿಗುವುದಿಲ್ಲವಾದ್ದರಿಂದ ಬ್ಯಾಟರಿಯನ್ನು ಮಾತ್ರ ಮುಂದೂಡಬೇಡಿ.