ಅಂಗಡಿಗೆ ಬಂದು ಸೇರಿಕೊಂಡ ಬೆಕ್ಕಿಗೆ ದಿನ ತುಂಬಿದೆ, ನಾನೇನು ಮಾಡಬೇಕು?

ಝೆರಾಕ್ಸ್ ಮಂಜು, ಹಾಸನ
ಶನಿವಾರ ರಾತ್ರಿ 10:20

ಹಾಸನದಲ್ಲಿ ನನ್ನದೊಂದು ಪುಟ್ಟ ಝೆರಾಕ್ಸ್ ಅಂಗಡಿ ಇದೆ. ಕೊರಿಯರ್ ಕೂಡ ತಗೊಳ್ಳುತ್ತೇನೆ. ದೀಪಾವಳಿ ದಿನ ಪಟಾಕಿ ಸದ್ದಿಗೆ ಹೆದರಿ ಒಂದು ಬೂದು ಪಟ್ಟೆ ಬೆಕ್ಕು ಅರ್ಧ ಎಳೆದ ಶಟರ್ ಕೆಳಗಿಂದ ಒಳಗೆ ನುಗ್ಗಿತು. ಹಿಂಗಾಲು ಕುಂಟುತ್ತಿತ್ತು. ಎರಡು ದಿನ ಇದ್ದು ಹೋಗುತ್ತೆ ಅಂದುಕೊಂಡೆ. ಕಾಲು ವಾಸಿಯಾಯಿತು, ಬೆಕ್ಕು ಹೋಗಲಿಲ್ಲ. ದೊಡ್ಡ ಮಿಷಿನ್ನು ಬೆಚ್ಚಗಿರುತ್ತಲ್ಲ, ಅದರ ಮೇಲೇ ಬಿಡಾರ. ಯಾರಾದರೂ ಆಧಾರ್ ಕಾರ್ಡ್ ಹಿಡಿದು ಬಂದರೆ ಮೊದಲು ಇದನ್ನು ಎತ್ತಿ ಪಕ್ಕಕ್ಕಿಡಬೇಕು, ಆಮೇಲೆ ಕಾಪಿ. ಹೆಸರು ಟೋನರ್.

ಹದಿನೈದು ದಿನದಿಂದ ಹೊಟ್ಟೆ ದೊಡ್ಡದಾಗಿದೆ. ಮೊಲೆ ಸುತ್ತ ಕೂದಲು ಉದುರಿ ಗುಲಾಬಿ ಬಣ್ಣ ಬಂದಿದೆ. ನಿನ್ನೆ ಕೈಯಿಟ್ಟಾಗ ಒಳಗೆ ಏನೋ ಒದ್ದ ಹಾಗಾಯಿತು, ನಾನೇ ಬೆಚ್ಚಿಬಿದ್ದೆ. ಒಂದು ಕ್ಲಿನಿಕ್‌ಗೆ ಚೀಲದಲ್ಲಿ ಹಾಕಿಕೊಂಡು ಹೋದೆ. ಮುಟ್ಟಿಯೂ ನೋಡದೆ "ಬೀದಿ ಬೆಕ್ಕು ತಾನೆ, ಎಲ್ಲ ಅದೇ ಮಾಡಿಕೊಳ್ಳುತ್ತೆ" ಅಂದು ಕಳಿಸಿದರು.

ಮನೆಗೆ ಒಯ್ಯುವ ಹಾಗಿಲ್ಲ. ಅಕ್ಕ ಹೆರಿಗೆಗೆ ಬಂದಿದ್ದಾಳೆ, ಏಳು ತಿಂಗಳು. ಅಮ್ಮ "ಈ ಮನೆಗೆ ಒಂದು ಬಾಣಂತನ ಸಾಕು, ಇನ್ನೊಂದನ್ನು ನೀನೇ ಅಂಗಡಿಯಲ್ಲಿ ಮಾಡಿಕೋ" ಅಂದುಬಿಟ್ಟಳು. ಹಾಗಾಗಿ ಅಂಗಡಿಯೇ ಗತಿ. ರಾತ್ರಿ 9ಕ್ಕೆ ಶಟರ್ ಎಳೆದರೆ ಬೆಳಿಗ್ಗೆ 8ರ ತನಕ ಯಾರೂ ಇರುವುದಿಲ್ಲ. ಈಗ ಚಳಿ ಬೇರೆ. ಜಾಗ ಹೇಗೆ ಮಾಡಲಿ? ಹೆರಿಗೆ ಹತ್ತಿರ ಬಂತು ಅಂತ ಹೇಗೆ ಗೊತ್ತಾಗುತ್ತೆ? ನಾನು ಕೈ ಹಾಕಬೇಕಾ, ಸುಮ್ನೆ ಇರಬೇಕಾ? ನಾಯಿ, ಹಸು ಏನೂ ಸಾಕಿದವನಲ್ಲ ನಾನು.

ಶಾರದಕ್ಕ, ತೀರ್ಥಹಳ್ಳಿ ಕಡೆ
ಶನಿವಾರ ರಾತ್ರಿ 11:05

ಮಂಜು, ಗಾಬರಿ ಬೇಡ. ನಮ್ಮ ಮನೆ ಅಟ್ಟದಲ್ಲಿ ಎಷ್ಟು ಬಾಣಂತನ ಆಗಿದೆಯೋ ಲೆಕ್ಕ ಇಟ್ಟಿಲ್ಲ. ನಿಮ್ಮ ಅಂಗಡಿಯಲ್ಲಿ ಎ4 ಪೇಪರ್ ಬರುವ ರಟ್ಟಿನ ಡಬ್ಬ ಇರುತ್ತಲ್ಲ, ಅಂಥ ಎರಡನ್ನು ಸೇರಿಸಿ ಒಂದು ದೊಡ್ಡ ಡಬ್ಬ ಮಾಡಿ. ಒಂದು ಪಕ್ಕ ಬಾಗಿಲು ಕೊಯ್ಯಿರಿ, ಆದರೆ ನೆಲದಿಂದ ನಾಲ್ಕೈದು ಇಂಚು ಹೊಸ್ತಿಲು ಬಿಡಿ. ತಾಯಿ ದಾಟಬೇಕು, ಮರಿ ಉರುಳಿ ಆಚೆ ಬೀಳಬಾರದು. ಕೆಳಗೆ ದಪ್ಪ ರಟ್ಟು, ಮೇಲೆ ಹಳೆಯ ಕಾಟನ್ ಸೀರೆ ಇಲ್ಲವೇ ಪಂಚೆ. ಟರ್ಕಿ ಟವೆಲ್ ಬೇಡ, ಮರಿ ಉಗುರು ಅದರ ನೂಲಿಗೆ ಸಿಕ್ಕಿಕೊಳ್ಳುತ್ತೆ. ಜನ ಓಡಾಡದ ಕತ್ತಲೆ ಮೂಲೆಯಲ್ಲಿಡಿ. ಈಗಿನಿಂದಲೇ ಇಟ್ಟು, ಅದರ ತಿಂಡಿಯನ್ನೂ ಅಲ್ಲೇ ಹತ್ತಿರ ಕೊಡಿ, ರೂಢಿಯಾಗಲಿ. ಇಟ್ಟ ತಕ್ಷಣ ಒಪ್ಪಿಕೊಂಡರೆ ಅದು ಬೆಕ್ಕೇ ಅಲ್ಲ.

ಮಿಷಿನ್ ಮೇಲೆ ಮಾತ್ರ ಮರಿ ಹಾಕಲು ಬಿಡಬೇಡಿ, ಉರುಳಿ ಬೀಳುತ್ತವೆ.

ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಏಳೋ ಮೂರೋ, ಜಾಗ ಬದಲಾಯಿಸುವುದಂತೂ ನಿಜ. ದಿನಕ್ಕೆ ಹತ್ತು ಸಲ ಇಣುಕಿದರೆ ಬೇಗ ಬದಲಾಯಿಸುತ್ತೆ. ಇನ್ನೊಂದು, ಮಾಳಬೆಕ್ಕು ಒಳಗೆ ಬರಬಾರದು. ನಮ್ಮಲ್ಲಿ ಒಮ್ಮೆ ಮೂರು ಮರಿ ಕೊಂದು ಹಾಕಿತ್ತು. ಶಟರ್ ಕೆಳಗೆ ಸಂದಿ ಇದ್ದರೆ ಇವತ್ತೇ ಮುಚ್ಚಿ.

ಪಶುವೈದ್ಯ ವಿದ್ಯಾರ್ಥಿ
ಭಾನುವಾರ ಬೆಳಿಗ್ಗೆ 7:40

ನಾನು ಕೊನೆ ವರ್ಷದಲ್ಲಿ ಓದುತ್ತಿದ್ದೇನೆ, ಇನ್ನೂ ಡಾಕ್ಟರ್ ಆಗಿಲ್ಲ. ಶಾರದಕ್ಕ ಹೇಳಿದ್ದೆಲ್ಲ ಸರಿ, ಕೆಲವು ವಿಷಯ ಸೇರಿಸುತ್ತೇನೆ.

ಬೆಕ್ಕಿನ ಗಬ್ಬ ಸುಮಾರು 63ರಿಂದ 67 ದಿನ. ಒದೆತ ಕೈಗೆ ಸಿಗುತ್ತಿದೆ, ಮೊಲೆ ತುಂಬಿದೆ ಅಂದರೆ ಕೊನೆಯ ವಾರಗಳೇ ಇರಬೇಕು. ಹೆರಿಗೆ ಹತ್ತಿರವಾದಾಗ ತಿಂಡಿ ಬಿಡುತ್ತೆ, ಬಟ್ಟೆ ಕೆರೆಯುತ್ತೆ, ಹಿಂದೆ ಹಿಂದೆಯೇ ಕೂಗುತ್ತಾ ಬರುತ್ತೆ. ಮೈಬಿಸಿ ಸಾಮಾನ್ಯವಾಗಿ 100.5ರಿಂದ 102.5 ಫ್ಯಾರನ್‌ಹೀಟ್ ಇರುತ್ತೆ. ಅದು 99ರ ಆಸುಪಾಸಿಗೆ ಇಳಿದರೆ ಹೆಚ್ಚೂಕಡಿಮೆ ಒಂದು ದಿನದೊಳಗೆ ಮರಿ. ಆದರೆ ಥರ್ಮಾಮೀಟರ್ ಹಾಕಬೇಕಾದ ಜಾಗ ಬೇರೆ, ಗುದದ್ವಾರ. ಅದು ಪರಚಿದರೆ ಬಿಟ್ಟುಬಿಡಿ.

ಕೈ ಯಾವಾಗ ಹಾಕಬೇಕು ಅಂದಿರಲ್ಲ. ಮರಿ ಒಂದು ತೆಳು ಚೀಲದೊಳಗೆ ಬರುತ್ತೆ. ತಾಯಿ ತಕ್ಷಣ ಹರಿದು ನೆಕ್ಕಬೇಕು. ಒಂದು ನಿಮಿಷ ಕಳೆದರೂ ಅದು ಹರಿಯದಿದ್ದರೆ ನೀವು ಮೂಗಿನ ಹತ್ತಿರ ಹರಿದು, ಮೂಗು ಬಾಯಿ ಒರೆಸಿ, ಒಣಬಟ್ಟೆಯಲ್ಲಿ ಬೆನ್ನು ಚೆನ್ನಾಗಿ ತಿಕ್ಕಿ. ಅತ್ತ ಮೇಲೆ ತಾಯಿ ಮುಂದೆ ಇಡಿ. ಹೊಕ್ಕಳಬಳ್ಳಿ ಎಳೆಯಬೇಡಿ. ಅದು ಕಡಿಯದಿದ್ದರೆ ಹೊಟ್ಟೆಯಿಂದ ಒಂದು ಇಂಚು ಬಿಟ್ಟು ದಾರ ಕಟ್ಟಿ, ಅದರಾಚೆ ಕತ್ತರಿಸಿ. ಪ್ರತಿ ಮರಿಗೊಂದು ಮಾಸು ಬರುತ್ತೆ, ತಾಯಿ ತಿನ್ನುತ್ತೆ, ಅದು ಸಹಜ.

ಜೋರು ನೋವು ತಿಂದು ತಿಣುಕುತ್ತಿದ್ದರೂ ಅರ್ಧ ಗಂಟೆಯಲ್ಲಿ ಮರಿ ಬಾರದಿದ್ದರೆ ಕಾಯಬೇಡಿ. ಮರಿ ಅರ್ಧ ಬಂದು ಸಿಕ್ಕಿಕೊಂಡರೂ, ಕೆಂಪು ರಕ್ತ ಸುರಿಯುತ್ತಿದ್ದರೂ ಅಷ್ಟೇ, ಡಾಕ್ಟರ ಹತ್ತಿರ ಓಡಿ. ಮೆಡಿಕಲ್ ಶಾಪ್‌ನಿಂದ ನೋವು ಬರುವ ಇಂಜೆಕ್ಷನ್ ತಂದು ಕೊಡಿಸುವವರಿದ್ದಾರೆ, ಅದು ಬೇಡವೇ ಬೇಡ. ರಾತ್ರಿ ಫೋನ್ ಎತ್ತುವ ಡಾಕ್ಟರ್ ಯಾರು ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಅಲ್ಲೂ ಕೇಳಿ.

ಅಂಗಡಿ ನೆಲಕ್ಕೆ ಫಿನಾಯಿಲ್ ಹಾಕುತ್ತೀರಾ? ನಿಲ್ಲಿಸಿ. ಬೆಕ್ಕಿಗೆ ಅದು ವಿಷ. ಅಂಗಾಲಿಗೆ ಹತ್ತಿ, ನೆಕ್ಕಿ, ಒಳಗೆ ಹೋಗುತ್ತೆ. ಚಿಗಟ ಇದೆ ಅಂತ ನಾಯಿ ಪೌಡರ್ ಹಾಕಬೇಡಿ, ಜ್ವರ ಅಂತ ಪ್ಯಾರಾಸಿಟಮಾಲ್ ಕೊಡಬೇಡಿ. ಎರಡೂ ಕೊಲ್ಲುತ್ತವೆ.

ನಿಮ್ಮ ಅಕ್ಕ ಬೆಕ್ಕನ್ನು ಮುಟ್ಟಿದರೆ ಏನೂ ಆಗಲ್ಲ. ಅದರ ಕಕ್ಕಸದ ಮರಳನ್ನು ಮಾತ್ರ ಅವರು ತೆಗೆಯಬಾರದು. ಟಾಕ್ಸೋಪ್ಲಾಸ್ಮಾ ಅನ್ನುವ ರೋಗಾಣು ಅದರಲ್ಲಿ ಇರಬಹುದು. ಹೊರಬಿದ್ದ ಮೇಲೆ ಅದು ಸೋಂಕು ಹರಡುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು. ಹಾಗಾಗಿ ನೀವು ದಿನಾ ತೆಗೆದು ಕೈ ತೊಳೆದುಕೊಂಡರೆ ಸಾಕು.

ಬೀರು ಕಳಕೊಂಡವ
ಭಾನುವಾರ ಬೆಳಿಗ್ಗೆ 9:15

ನಾನೂ ನಿಮ್ಮ ಹಾಗೇ ಡಬ್ಬ ಮಾಡಿ, ಬಟ್ಟೆ ಹಾಸಿ, ಮೂರು ರಾತ್ರಿ ಟಾರ್ಚ್ ಹಿಡಿದು ಕಾದೆ. ನಾಲ್ಕನೇ ರಾತ್ರಿ ನಿದ್ದೆ ಹೋದೆ. ಬೆಳಿಗ್ಗೆ ನೋಡಿದರೆ ಬೀರುವಿನಲ್ಲಿ, ನನ್ನ ಮದುವೆ ಸೂಟಿನ ಮೇಲೆ ಐದು ಮರಿ. ಬೀರು ಬಾಗಿಲು ಹಾಕಿಡಿ ಅಂತಷ್ಟೇ ನನ್ನ ಸಲಹೆ.

ಝೆರಾಕ್ಸ್ ಮಂಜು, ಹಾಸನ
ಬುಧವಾರ ಬೆಳಗಿನ ಜಾವ 5:10

ಆಯ್ತು! ನಾಲ್ಕು. ನಿದ್ದೆ ಬರುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನೆ ಮಧ್ಯಾಹ್ನದಿಂದ ಏನೂ ತಿನ್ನಲಿಲ್ಲ. ಸಂಜೆ ನಾನು ಎಲ್ಲಿ ಹೋದರೆ ಅಲ್ಲಿ ಕಾಲಿಗೆ ಸುತ್ತಿಕೊಂಡು ಒಂದೇ ಸಮ ಕೂಗು. ಯಾಕೋ ಅನುಮಾನ ಬಂದು ಮನೆಗೆ ಹೋಗಲಿಲ್ಲ. ಬಬಲ್ ರ್‍ಯಾಪ್ ಹಾಸಿಕೊಂಡು ಅಂಗಡಿಯಲ್ಲೇ ಮಲಗಿದೆ. ಹೊರಳಿದಾಗಲೆಲ್ಲ ಪಟ್ ಪಟ್ ಅಂತ ಒಡೆಯುತ್ತೆ, ಬೆಕ್ಕು ತಲೆಯೆತ್ತಿ ನನ್ನನ್ನೇ ನೋಡುತ್ತೆ. ಕೊನೆಗೆ ಅದನ್ನು ತೆಗೆದು ಬರೀ ರಟ್ಟಿನ ಮೇಲೆ ಮಲಗಿದೆ.

1:25ಕ್ಕೆ ಮೊದಲನೆಯದು. ಮೊಬೈಲ್ ಬೆಳಕನ್ನು ಗೋಡೆ ಕಡೆ ತಿರುಗಿಸಿ ಇಟ್ಟಿದ್ದೆ. ಒದ್ದೆ ಬಲೂನಿನ ಹಾಗೆ ಏನೋ ಜಾರಿತು, ಟೋನರ್ ಚರಚರ ನೆಕ್ಕಿತು, ಕೀಂ ಅಂತು. ಇಷ್ಟೇನಾ ಅನ್ನಿಸಿತು. 2ಕ್ಕೆ ಎರಡನೆಯದು. ಮೂರನೆಯದು ಬರುವಾಗ ಎರಡನೆಯದರ ಬಳ್ಳಿ ಇನ್ನೂ ಕಡಿಯುತ್ತಿತ್ತು. ಹಿಂದೆ ಬಿದ್ದದ್ದನ್ನು ನೋಡಲೇ ಇಲ್ಲ. ಚೀಲ ಹಾಗೇ ಇದೆ, ಒಳಗೆ ಬಾಯಿ ತೆರೆದು ಮುಚ್ಚುತ್ತಿರುವುದು ಕಾಣುತ್ತಿದೆ. ಮನಸ್ಸಿನಲ್ಲೇ ಅರವತ್ತು ಎಣಿಸಲು ಶುರು ಮಾಡಿದೆ, ನಲವತ್ತಕ್ಕೆ ತಡೆಯಲಾಗಲಿಲ್ಲ. ಉಗುರಿನಲ್ಲಿ ಚಿವುಟಿದೆ, ಜಾರಿತು. ಇನ್ನೊಮ್ಮೆ ಮೂಗಿನ ಹತ್ತಿರ ಚಿವುಟಿದೆ, ಹರಿಯಿತು. ಪಂಚೆ ತುಂಡಿನಲ್ಲಿ ಮೂಗೊರೆಸಿ ಬೆನ್ನು ತಿಕ್ಕಿದೆ. ಅಂಗೈಯಲ್ಲಿ ಒದ್ದೆ ಕಾಲುಚೀಲದ ಹಾಗೆ ಬಿದ್ದಿತ್ತು. ತಿಕ್ಕಿದೆ, ತಿಕ್ಕಿದೆ. ಆಮೇಲೆ ಒಂದು ಸೀನು. ನಿಜವಾಗಲೂ ಸೀನಿತು! ತಾಯಿ ಮುಂದೆ ಇಟ್ಟಾಗ ಏನೂ ಆಗಿಲ್ಲವೆಂಬಂತೆ ನೆಕ್ಕಿತು. 3:20ಕ್ಕೆ ನಾಲ್ಕನೆಯದು. ಮಾಸು ನಾಲ್ಕೂ ಬಂತು, ಎಣಿಸಿದೆ.

ಕೊರಿಯರ್ ತಕ್ಕಡಿಯಲ್ಲಿ ತೂಗಿದೆ. ಅದು 5 ಗ್ರಾಮಿನ ಲೆಕ್ಕದಲ್ಲಿ ತೋರಿಸುತ್ತೆ. 105, 100, 95, ಸೀನಿದ್ದು 75. ಇದು ಕಮ್ಮಿ ಅಲ್ವಾ?

ಪಶುವೈದ್ಯ ವಿದ್ಯಾರ್ಥಿ
ಬುಧವಾರ ಬೆಳಿಗ್ಗೆ 6:30

ಕಮ್ಮಿಯೇ. 90ರಿಂದ 110 ಇದ್ದರೆ ಚೆನ್ನ. ದಿನಾ ಒಂದೇ ಹೊತ್ತಿಗೆ ತೂಗಿ, ಕಾಗದದಲ್ಲಿ ಬರೆಯಿರಿ. ಮೊದಲ ದಿನ ಒಂದೆರಡು ಗ್ರಾಮ್ ಇಳಿಯಬಹುದು. ಆಮೇಲೆ ದಿನಕ್ಕೆ 10 ಗ್ರಾಮಿನಷ್ಟು ಏರಬೇಕು. ಏರದೆ ನಿಂತರೆ ಅದೇ ಮೊದಲ ಸೂಚನೆ, ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತೆ.

ಮೊದಲ ದಿನದ ಗಿಣ್ಣುಹಾಲು ಅದಕ್ಕೆ ಸಿಗಲೇಬೇಕು. ಉಳಿದವು ಮಲಗಿದಾಗ ಇದನ್ನೊಂದನ್ನೇ ಮೊಲೆಗೆ ಹಚ್ಚಿ. ಹಿಂದಿನ ಮೊಲೆಗಳಲ್ಲಿ ಸಾಮಾನ್ಯವಾಗಿ ಹಾಲು ಜಾಸ್ತಿ. ಮುಟ್ಟಿದರೆ ತಣ್ಣಗಿದೆಯಾ ನೋಡಿ. ಈ ವಯಸ್ಸಿನಲ್ಲಿ ಅವಕ್ಕೆ ಮೈಬಿಸಿ ತಾವಾಗಿ ಕಾಪಾಡಿಕೊಳ್ಳಲು ಬರುವುದಿಲ್ಲ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಡಬ್ಬದ ಒಂದು ಪಕ್ಕ ಮಾತ್ರ ಇಡಿ. ಸೆಕೆಯಾದರೆ ಇನ್ನೊಂದು ಪಕ್ಕಕ್ಕೆ ತೆವಳಲು ಜಾಗ ಇರಬೇಕು.

ಝೆರಾಕ್ಸ್ ಮಂಜು, ಹಾಸನ
ಶುಕ್ರವಾರ ರಾತ್ರಿ 8:50

ಮೂರೂ ಏರುತ್ತಿವೆ. ಸೀನಪ್ಪ (ಈಗ ಅದೇ ಹೆಸರು) ಮೂರು ದಿನವೂ 75. ಅಣ್ಣತಮ್ಮಂದಿರು ತಳ್ಳಿಬಿಡುತ್ತಾರೆ. ಪಕ್ಕದ ಬೇಕರಿಯವರು ನಂದಿನಿ ಹಾಲಿಗೆ ನೀರು ಬೆರೆಸಿ ಇಂಕ್ ಫಿಲ್ಲರ್‌ನಲ್ಲಿ ಹಾಕಿ ಅಂತಿದ್ದಾರೆ. ಹಾಕಲಾ?

ಪಶುವೈದ್ಯ ವಿದ್ಯಾರ್ಥಿ
ಶುಕ್ರವಾರ ರಾತ್ರಿ 9:05

ಬೇಡ! ಹಸುವಿನ ಹಾಲಿಗೆ ಭೇದಿ ಹಿಡಿಯುತ್ತೆ, ನೀರು ಬೆರೆಸಿದರೆ ಸತ್ವವೂ ಇರುವುದಿಲ್ಲ. ಪೆಟ್ ಅಂಗಡಿಯಲ್ಲಿ ಬೆಕ್ಕಿನ ಮರಿಗೆಂದೇ ಹಾಲಿನ ಪುಡಿ ಸಿಗುತ್ತೆ, ಅದನ್ನು ತನ್ನಿ. ಇಂಕ್ ಮುಟ್ಟಿದ ಫಿಲ್ಲರ್ ಬೇಡ, ಮೆಡಿಕಲ್‌ನಲ್ಲಿ ಸೂಜಿಯಿಲ್ಲದ ಸಣ್ಣ ಸಿರಿಂಜ್ ಕೇಳಿ. ಮೊದಲು ಮರಿಯನ್ನು ಬೆಚ್ಚಗೆ ಮಾಡಿ. ತಣ್ಣಗಿರುವ ಮರಿಗೆ ಹಾಲು ಹಾಕಿದರೆ ಅರಗುವುದಿಲ್ಲ. ಹೊಟ್ಟೆ ಕೆಳಗಾಗಿಯೇ ಇರಲಿ. ನಮ್ಮ ಮಗುವಿನ ಹಾಗೆ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತೆ. ಒಂದು ಸಲಕ್ಕೆ 3 ಎಂಎಲ್ ಮೀರಬೇಡಿ, ತೊಟ್ಟು ತೊಟ್ಟಾಗಿ. ಎರಡು ಮೂರು ಗಂಟೆಗೊಮ್ಮೆ, ರಾತ್ರಿ ಕೂಡ. ನಾಳೆಯೇ ಒಮ್ಮೆ ಡಾಕ್ಟರಿಗೂ ತೋರಿಸಿ.

ಶಾರದಕ್ಕ, ತೀರ್ಥಹಳ್ಳಿ ಕಡೆ
ಶುಕ್ರವಾರ ರಾತ್ರಿ 9:40

ಬಾಣಂತಿಗೆ ಏನು ಕೊಡುತ್ತಿದ್ದೀರಿ? ಬರೀ ಹಾಲು ಅನ್ನ ಸಾಲದು. ಬೇಯಿಸಿದ ಕೋಳಿ, ಮೊಟ್ಟೆ, ಮರಿಗಳ ಪ್ಯಾಕೆಟ್ ತಿಂಡಿ, ಕೇಳಿದಷ್ಟು ಹಾಕಿ. ಉಪ್ಪು, ಈರುಳ್ಳಿ, ಮಸಾಲೆ ಬೇಡ. ನಡುಗಿದರೆ, ಕಾಲು ಸೆಟೆದುಕೊಂಡು ತೂರಾಡಿದರೆ ಸುಣ್ಣದಂಶ ಕಡಿಮೆಯಾಗಿರಬಹುದು, ಆಗ ಬೆಳಗಾಗಲಿ ಅಂತ ಕಾಯಬೇಡಿ. ನಮ್ಮ ಒಂದು ಬೆಕ್ಕಿಗೆ ಹಾಗಾಗಿ, ಜೀಪಿನಲ್ಲಿ ರಾತ್ರೋರಾತ್ರಿ ಹೊತ್ತುಕೊಂಡು ಹೋಗಿದ್ದೆವು. ಇಂಜೆಕ್ಷನ್ ಕೊಟ್ಟ ಮೇಲೆ ಉಳಿಯಿತು.

ಝೆರಾಕ್ಸ್ ಮಂಜು, ಹಾಸನ
ಮುಂದಿನ ಶನಿವಾರ ರಾತ್ರಿ 9:30

ಎಲ್ಲರಿಗೂ ಥ್ಯಾಂಕ್ಸ್. ಬೇರೆ ಡಾಕ್ಟರ್ ಸಿಕ್ಕರು, ಚೆನ್ನಾಗಿ ನೋಡಿದರು. ಐದು ರಾತ್ರಿ ಅಂಗಡಿಯಲ್ಲೇ ಮಲಗಿ, ಅಲಾರಂ ಇಟ್ಟು ಸಿರಿಂಜ್ ಹಿಡಿದೆ. ಮೊನ್ನೆಯಿಂದ ಸೀನಪ್ಪ ತಾನೇ ಜಾಗ ಹಿಡಿದು ಕುಡಿಯುತ್ತಿದ್ದಾನೆ. ಇವತ್ತು 130. ಉಳಿದವು 190 ದಾಟಿವೆ. ಎರಡಕ್ಕೆ ಕಣ್ಣು ಸೀಳು ಬಿಟ್ಟಿದೆ. ಸೀನಪ್ಪನಿಗೆ ಎಡಗಣ್ಣು ಮಾತ್ರ ಅರ್ಧ ತೆರೆದಿದೆ, ಕಣ್ಣು ಹೊಡೆದ ಹಾಗಿದೆ. ಅಮ್ಮ ನೋಡಲು ಬಂದವಳು "ಪಾಪ, ಚಳಿ" ಅಂತ ಅಕ್ಕನ ಮಗುವಿಗೆ ಹೊಲಿದಿದ್ದ ಕುಲಾವಿಗಳಲ್ಲಿ ಒಂದನ್ನು ಡಬ್ಬದಲ್ಲಿ ಹಾಸಿ ಹೋದಳು.

ಮುಂದೆ ಹುಳದ ಔಷಧಿ, ಇನ್ನೊಂದು ಸಲ ಮರಿ ಆಗದ ಹಾಗೆ ಆಪರೇಷನ್, ಇವೆಲ್ಲ ಯಾವಾಗ?

ಪಶುವೈದ್ಯ ವಿದ್ಯಾರ್ಥಿ
ಮುಂದಿನ ಶನಿವಾರ ರಾತ್ರಿ 10:10

ಹುಳದ ಔಷಧಿ ಎರಡು ವಾರ ತುಂಬಿದಾಗ, ತೂಕ ನೋಡಿ ಡಾಕ್ಟರ್ ಹೇಳಿದಷ್ಟೇ. ತಾಯಿಗೂ ಆಗಲೇ. ನಾಲ್ಕನೇ ವಾರದಿಂದ ಮೆತ್ತನೆ ತಿಂಡಿ ಶುರು ಮಾಡಿ. ಲಸಿಕೆ ಆರರಿಂದ ಎಂಟು ವಾರಕ್ಕೆ ಮೊದಲನೆಯದು, ರೇಬಿಸ್‌ದು ಮೂರು ತಿಂಗಳಿಗೆ. ಟೋನರ್‌ಗೆ ಆಪರೇಷನ್ ಮರಿಗಳು ಹಾಲು ಬಿಟ್ಟ ಮೇಲೆ, ಸುಮಾರು ಎರಡು ತಿಂಗಳಿಗೆ. ಅಲ್ಲಿಯವರೆಗೆ ಆಚೆ ಬಿಡಬೇಡಿ. ಹಾಲೂಡುವಾಗಲೇ ಮತ್ತೆ ಗಬ್ಬವಾಗಬಲ್ಲದು.

ಝೆರಾಕ್ಸ್ ಮಂಜು, ಹಾಸನ
ಭಾನುವಾರ ಬೆಳಿಗ್ಗೆ 8:15

ಶಾರದಕ್ಕ, ನಿಮ್ಮಜ್ಜಿ ಹೇಳಿದ್ದು ನಿಜ. ಈಗ ಶಟರ್ ತೆಗೆದರೆ ಡಬ್ಬ ಖಾಲಿ! ಎದೆ ಧಸಕ್ಕೆಂದಿತು. ಹುಡುಕಿದರೆ ಮಿಷಿನ್ ಕೆಳಗಿನ ರ್‍ಯಾಕಿನಲ್ಲಿ, ಎ3 ಪೇಪರ್ ಬಂಡಲ್ ಮೇಲೆ ನಾಲ್ಕೂ ಸಾಲಾಗಿ ಮಲಗಿವೆ. ಕುಲಾವಿಯನ್ನೂ ಎಳೆದುಕೊಂಡು ಹೋಗಿದೆ. "ಎ3 ಕಾಪಿ ಸದ್ಯಕ್ಕಿಲ್ಲ" ಅಂತ ಬೋರ್ಡ್ ಹಾಕಿದ್ದೇನೆ.